ರೂತಬಾಯಿಯ ಪಾಳಿ

ಮದುಮಗನೇ ಎದ್ದು ನಿಂತು ತನ್ನ ಮದುವೆಗೆ ಅಡ್ಡಿ ಹೇಳಿದ್ದನ್ನು ನೀವೆಲ್ಲಾದರೂ ನೋಡಿದ್ದೀರಾ?

ನಾನು ನೋಡಿದೆ. ಕಳೆದ ತಿಂಗಳು, ಹುಮನಾಬಾದಿನಲ್ಲಿ, ನಮ್ಮ ಚರ್ಚಿನ ಜಮಖಾನದ ಮೇಲೆ ಕೂತು ಕಣ್ಣಾರೆ ನೋಡಿದೆ.

ಪದ್ಧತಿ ಗೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಮದುವೆ ಗಟ್ಟಿಯಾದರೆ ಸಾಲಾಗಿ ಮೂರು ಭಾನುವಾರ ಚರ್ಚಿನಲ್ಲಿ ಪ್ರಕಟಣೆ ಓದುತ್ತಾರೆ. ಇಂಥ ಊರಿನ ಇಂಥವನಿಗೂ ಇಂಥ ಊರಿನ ಇಂಥವಳಿಗೂ ಮದುವೆ ನಿಶ್ಚಯವಾಗಿದೆ, ಯಾರದಾದರೂ ಅಡ್ಡಿ ಇದ್ದರೆ ತಿಳಿಸಬೇಕು ಅಂತ. ಓದಿದ ಮೇಲೆ ಪಾಸ್ಟರು ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು ಸುಮ್ಮನಿರುತ್ತಾರೆ. ಅಷ್ಟರಲ್ಲಿ ನಾವು ಹೆಂಗಸರು ನೆರಿಗೆ ಸರಿಮಾಡಿಕೊಳ್ಳುತ್ತೇವೆ, ಮಕ್ಕಳ ಮೂಗು ಒರೆಸುತ್ತೇವೆ. ಉತ್ತರ ಬರಲಿ ಅಂತ ಯಾರೂ ಕೇಳುವ ಪ್ರಶ್ನೆಯಲ್ಲ ಅದು. (ಮದುವೆ ಮನೆಯಲ್ಲಿ ಕೈತೊಳೆಯುವಾಗ 'ಊಟ ಹ್ಯಾಂಗಿತ್ರಿ' ಅಂತಾರಲ್ಲ, ಹಾಗೆ.)

ಅವತ್ತು ಮೂರನೆಯ ಪ್ರಕಟಣೆ. ಮದುಮಗ ನಮ್ಮ ಸುಧಾಕರ, ನನ್ನ ಸೋದರತ್ತೆಯ ಮಗ. ಹುಡುಗಿ ಚಿಟಗುಪ್ಪಾದವಳು, ಅಂಗನವಾಡಿ ಟೀಚರ್. ನಾನು ಬಸವಕಲ್ಯಾಣದಿಂದ ಬೆಳಗಿನ ಬಸ್ಸು ಹಿಡಿದು, ಹೊಸ ಸೀರೆ ಉಟ್ಟು, ಅತ್ತೆಯ ಪಕ್ಕದಲ್ಲೇ ಜಾಗ ಹಿಡಿದಿದ್ದೆ.

ಪಾಸ್ಟರು ಓದಿದರು. ಸುಮ್ಮನಾದರು. ನಾವು ನೆರಿಗೆಗೆ ಕೈ ಹಾಕಿದೆವು. ಗಂಡಸರ ಕಡೆ ಮುಂದಿನ ಸಾಲಿನಲ್ಲಿ ಡೋಲಕ್ ಪಕ್ಕಕ್ಕಿಟ್ಟು ಸುಧಾಕರ ಎದ್ದ.

"ಅಡ್ಡಿ ಅದರಿ."

"ಯಾರದು?" ಅಂದರು ಪಾಸ್ಟರು.

"ನಂದೇ."

ಯಾರೋ ಕಿಸಕ್ಕನೆ ನಕ್ಕರು. ಪಾಸ್ಟರು ಕನ್ನಡಕ ತೆಗೆದು, "ಏನ್ ಸುಧಾಕರ, ದೇವರ ಮನ್ಯಾಗ ಚಾಷ್ಟಿ ಮಾಡಾಕತ್ತೀಯೇನು?" ಅಂದರು. ಅವನು ತಲೆ ಅಲ್ಲಾಡಿಸಿದ. "ಚಾಷ್ಟಿ ಅಲ್ರಿ. ಉಳಿದಿದ್ದು ಹೊರಗ ಹೇಳ್ತೀನಿ." ಅಷ್ಟು ಹೇಳಿ ಕೂತು, ಡೋಲಕ್ ತೊಡೆಯ ಮೇಲೆ ಎಳೆದುಕೊಂಡ. ಮುಂದಿನ ಹಾಡಿಗೆ ಬಾರಿಸಿದ ಕೂಡ! ತಾಳ ತಪ್ಪಲಿಲ್ಲ, ಮಹಾರಾಯ. ನನ್ನ ಪಕ್ಕದಲ್ಲಿ ಅತ್ತೆ ಸೆರಗನ್ನು ಹಣೆಯ ತನಕ ಎಳೆದುಕೊಂಡು ಕಲ್ಲಾಗಿ ಕೂತುಬಿಟ್ಟರು.

ಸುಧ್ಯಾ ನನಗಿಂತ ಸ್ವಲ್ಪ ದೊಡ್ಡವನು. ಹುಮನಾಬಾದಿನ ಚರ್ಚ್ ಕಾಂಪೌಂಡಿನಲ್ಲಿ ಎದುರುಬದುರು ಮನೆ ನಮ್ಮವು. ಸೋದರತ್ತೆಯ ಮಗ ಅಂದಮೇಲೆ ಕೇಳಬೇಕೇ? 'ಇವಳನ್ನ ಇವನಿಗೇ ಕೊಡೋದು' ಅಂತ ಇಡೀ ಕಾಂಪೌಂಡು ಕಾಡುತ್ತಿತ್ತು. ನಾನು ಅತ್ತು ರಂಪ ಮಾಡುತ್ತಿದ್ದೆ. ಅವನು ಸುಮ್ಮನೆ ಡಬ್ಬಿ ಬಾರಿಸುತ್ತಿದ್ದ. ಕ್ರಿಸ್ಮಸ್ ವಾರದಲ್ಲಿ ಟ್ರ್ಯಾಕ್ಟರ್ ಟ್ರಾಲಿಯಲ್ಲಿ ತುಂಬಿಕೊಂಡು ಹಾಡುತ್ತಾ ನಿರ್ಣಾ ಹಳ್ಳಿಗೆ ಹೋಗುವಾಗ ಅವನ ಡೋಲಕ್ಕಿಗೆ ಹೊಲದಲ್ಲಿದ್ದವರೂ ತಿರುಗಿ ನೋಡುತ್ತಿದ್ದರು. ಈಗ ಬಸ್ ಸ್ಟ್ಯಾಂಡಿನ ಹಿಂದೆ ಬೋರಿನ ಮೋಟಾರು ವೈಂಡಿಂಗ್ ಮಾಡುವ ಅಂಗಡಿ ಇಟ್ಟಿದ್ದಾನೆ. ನಲವತ್ತು ದಾಟಿದೆ. ಇಷ್ಟು ವರ್ಷ ಏನಾದರೊಂದು ನೆವ ಹೇಳಿ ಹೆಣ್ಣು ನೋಡುವುದನ್ನು ತಪ್ಪಿಸಿಕೊಂಡು ಬಂದವನು ಈ ಸಲ ಅತ್ತೆಯ ಕಣ್ಣೀರಿಗೆ ಸಿಕ್ಕಿಬಿದ್ದ.

ಆರಾಧನೆ ಮುಗಿದ ಮೇಲೆ ಬೇವಿನ ಮರದ ಕೆಳಗೆ ನಿಂತೆವು. ಪಾಸ್ಟರು, ಅತ್ತೆ, ಚಿಟಗುಪ್ಪಾದಿಂದ ಬಂದಿದ್ದ ಹುಡುಗಿಯ ಸೋದರಮಾವ, ಸುಧ್ಯಾ, ನಾನು. (ನನ್ನನ್ನು ಯಾರೂ ಕರೆದಿರಲಿಲ್ಲ. ಆದರೂ ಹೋದೆ. ನನ್ನ ಸ್ವಭಾವ ನಿಮಗೆ ಗೊತ್ತಲ್ಲ.)

ಸೋದರಮಾವನ ಸಿಟ್ಟು ನೆತ್ತಿಗೇರಿತ್ತು. "ನಮ್ಮ ಹುಡುಗಿ ಏನು ದಾರಿ ಮ್ಯಾಲ ಬಿದ್ದಾಳೇನ್ರಿ? ಬ್ಯಾಡ ಇದ್ರ ಮೊದಲೇ ಹೇಳಬೇಕಿತ್ತು!"

"ಹುಡುಗಿದು ಏನೂ ತಪ್ಪಿಲ್ರಿ, ಮಾವಾ," ಅಂದ ಸುಧ್ಯಾ. ಧ್ವನಿ ಸಣ್ಣದಾಗಿತ್ತು, ಆದರೆ ನಡುಗಲಿಲ್ಲ. "ನನ್ನ ಮನಸ್ಸು ಹೆಣ್ಣಿನ ಕಡಿ ಹೋಗಂಗಿಲ್ಲ. ಹುಡುಗ ಇದ್ದಾಗಿಂದ ಹಂಗೇ ಅದ. ಗಂಡಸರ ಕಡಿ ಹೋಗ್ತದ. ನಾ ಹೋಗಿಲ್ಲ, ಮನಸ್ಸು ಹೋಗ್ತದ. ಎಷ್ಟು ಪ್ರಾರ್ಥನಿ ಮಾಡೀನಿ ಅನ್ನೋದು ನನಗೇ ಗೊತ್ತು."

ಪಾಸ್ಟರ ಕಡೆ ತಿರುಗಿ ಅವನೇ ಮುಂದುವರಿಸಿದ.

"ಪಾಸ್ಟರ್ ಸಾಹೇಬ್ರ, ಚರ್ಚಿನ್ಯಾಗ ಕಲಿಸಿದ್ದು ನಾ ನಂಬೀನಿ. ಲಗ್ನ ಅಂದ್ರ ಒಂದು ಗಂಡು ಒಂದು ಹೆಣ್ಣು ದೇವರ ಮುಂದ ಮಾಡೋ ಆಣಿ. ಬ್ಯಾರೆ ದಾರಿ ಕೊಡ್ರಿ ಅಂತ ನಾ ಕೇಳಾಕತ್ತಿಲ್ಲ. ಆದ್ರ ನಂಬೀನಿ ಅಂತಲೇ ಸುಳ್ಳ ಆಣಿ ಮಾಡಾಕ ಬಾಯಿ ಬರವಲ್ದು. ಆ ಹುಡುಗಿ ಜನ್ಮ ಹಾಳ ಮಾಡ್ಲೇನು? ಒಬ್ಬನೇ ಇರ್ತೀನಿ. ಇರಾಕ ಬಿಡ್ರಿ."

ಅವನು ಮೊದಲೇ ಹೇಳಿರಲಿಲ್ಲ ಅಂತಲ್ಲ. ಅತ್ತೆಗೆ ಹೇಳಿದ್ದ. 'ಲಗ್ನ ಆದ್ರ ಎಲ್ಲಾ ಸರಿ ಆಗ್ತದ' ಅಂದಿದ್ದರಂತೆ. ಲಗ್ನವೇ ಬೇಡ ಅಂತ ಪಾಸ್ಟರಿಗೂ ಹೇಳಿದ್ದ. 'ಹೆದರಿಕಿ ಎಲ್ಲಾರಿಗೂ ಇರ್ತದ, ತಮ್ಮಾ' ಅಂತ ಬೆನ್ನು ತಟ್ಟಿ ಕಳಿಸಿದ್ದರಂತೆ. ಮೊದಲೆರಡು ಪ್ರಕಟಣೆಯಲ್ಲಿ ಡೋಲಕ್ ಹಿಡಿದು ಕೂತೇ ಇದ್ದ. ಮೂರನೆಯದೂ ದಾಟಿದರೆ ಮುಂದೆ ಮಂಟಪವೇ. ಮತ್ತೆ ಯಾವಾಗ ಹೇಳಬೇಕಿತ್ತು?

ಸೋದರಮಾವ ಅಲ್ಲಿಂದಲೇ ಹುಡುಗಿಗೆ ಫೋನು ಹಚ್ಚಿದ. ಸಿಟ್ಟಿನಲ್ಲಿ ಸ್ಪೀಕರ್ ಒತ್ತಿಬಿಟ್ಟಿದ್ದ. ಎಲ್ಲ ಕೇಳಿದ ಮೇಲೆ ಆ ಹುಡುಗಿ, "ಆಮ್ಯಾಗ ಹೇಳಿದ್ರ ನಾ ಏನ್ ಮಾಡ್ತಿದ್ದೆ, ಮಾಮಾ? ಈಗ ಹೇಳ್ಯಾರ, ಪುಣ್ಯಾ ಬರ್ಲಿ. ಜಗಳ ಮಾಡಬ್ಯಾಡ, ಊಟ ಮಾಡಿ ಬಾ," ಅಂದಳು. ಅವಳು ಅತ್ತಿರಬೇಕು. ಧ್ವನಿಯಲ್ಲಿ ಗೊತ್ತಾಗುತ್ತಿತ್ತು. ಆ ಹುಡುಗಿಯನ್ನು ನಾನಿನ್ನೂ ನೋಡಿಲ್ಲ. ನೋಡಿದರೆ ಅಪ್ಪಿಕೊಳ್ಳುತ್ತೇನೆ.

ಇದೆಲ್ಲ ಆದಮೇಲೆ ಅತ್ತೆ ಬಾಯಿ ಬಿಟ್ಟರು. ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ.

"ನಾ ಸತ್ತ ಮ್ಯಾಲ ನಿನಗ ರೊಟ್ಟಿ ಯಾರು ಬಡೀತಾರೋ, ಸುಧ್ಯಾ?"

"ನಾನೇ ಬಡಕೋತೀನಿ, ಯವ್ವಾ."

"ಬಡಕೋತಿ. ಯಾರ ಜೋಡಿ ಕೂತು ತಿಂತಿ?"

ಅವನು ಅವ್ವನ ಕೈ ಹಿಡಿದು ಮನೆಯ ಕಡೆ ನಡೆಸಿಕೊಂಡು ಹೋದ.

ವಾಪಸ್ ಬಸ್ಸಿನಲ್ಲಿ ಕೂತು ಅತ್ತೆಯ ಆ ಪ್ರಶ್ನೆಯನ್ನೇ ಯೋಚಿಸುತ್ತಿದ್ದೆ. ಬಸವಕಲ್ಯಾಣ ಬರುವ ಹೊತ್ತಿಗೆ ತಲೆಯಲ್ಲಿ ರೂತಬಾಯಿ ಬಂದು ಕೂತಿದ್ದರು.

ರೂತಬಾಯಿಯನ್ನು ನಿಮಗೆ ಪರಿಚಯ ಮಾಡಿಸಲೇಬೇಕು. ನಾವು ಚಿಕ್ಕವರಿದ್ದಾಗ ಚರ್ಚಿನ ಗೇಟಿನ ಪಕ್ಕ, ಒಂದೇ ಖೋಲಿಯ ಮನೆಯಲ್ಲಿ ಇದ್ದವರು. ಬಿಳಿ ಸೀರೆ, ಕಪ್ಪು ಛತ್ರಿ, ಹೆಗಲಿಗೊಂದು ಚೀಲ. ಹಳ್ಳಿ ಹಳ್ಳಿಗೆ ಹೋಗಿ ಹೆಂಗಸರಿಗೆ ಅಕ್ಷರ ಕಲಿಸಿ, ಸತ್ಯವೇದ ಓದಿ ಹೇಳುವುದು ಅವರ ಕೆಲಸ. ಕೊಹಿನೂರ ಹಳ್ಳಿಯ ಕಡೆಗೂ ಹೋಗಿ ಬರುತ್ತಿದ್ದರು, ಎಷ್ಟೋ ಸಲ ನಡೆದೇ. ಮದುವೆ ಆಗಿರಲಿಲ್ಲ. ನಾನೊಮ್ಮೆ ಕೇಳಿದ್ದೆ, "ಬಾಯಿ, ನೀವ್ಯಾಕ ಲಗ್ನ ಆಗಿಲ್ರಿ?" ಅಂತ. "ಟೈಮ್ ಎಲ್ಲಿ ಸಿಕ್ತವ್ವಾ?" ಅಂದರು. ಅಷ್ಟೇ! ಕಾಂಪೌಂಡಿನಲ್ಲಿ ಯಾರೂ ಅದರ ಬೆನ್ನು ಹತ್ತಲಿಲ್ಲ. ಯಾರೂ ಗಂಡು ಹುಡುಕಲಿಲ್ಲ.

ಮಾಡಿದ್ದು ಬೇರೆ. ಪಾಳಿ ಹಚ್ಚಿದ್ದರು.

ಪ್ರತಿ ಭಾನುವಾರ ಮಧ್ಯಾಹ್ನದ ಊಟ ರೂತಬಾಯಿಗೆ ಒಂದೊಂದು ಮನೆಯಲ್ಲಿ. ಈ ವಾರ ನಮ್ಮದು, ಮುಂದಿನ ವಾರ ಅತ್ತೆಯದು, ಆಮೇಲೆ ಆಚೆ ಮನೆಯದು. ಯಾರು ಶುರು ಮಾಡಿದರೋ ಗೊತ್ತಿಲ್ಲ. ನಮ್ಮ ಪಾಳಿ ಬಂದರೆ ಮನೆಯಲ್ಲಿ ಹಬ್ಬ. ಅವ್ವ ತೆಳ್ಳಗೆ ಜೋಳದ ರೊಟ್ಟಿ ಬಡಿಯುವಳು, ಮಟನ್ ಸಾರು, ಪುಂಡಿಪಲ್ಲೆ. ಕರೆಯಲು ಹೋಗುವುದು ಮಕ್ಕಳ ಕೆಲಸ. ನಾನೂ ಸುಧ್ಯಾನೂ ಛತ್ರಿ ಯಾರು ಹಿಡಿಯಬೇಕು ಅಂತ ದಾರಿಯುದ್ದಕ್ಕೂ ಕಿತ್ತಾಡುತ್ತಿದ್ದೆವು.

ಊಟಕ್ಕೆ ಬಂದವರು ಸುಮ್ಮನೆ ಉಂಡು ಹೋಗುತ್ತಿದ್ದರಾ? ಛೇ! ಸಾರಿಗೆ ಉಪ್ಪು ಕಡಿಮೆ ಅಂದರೆ ಕಡಿಮೆ ಅನ್ನೋರೇ. ನಮ್ಮನ್ನು ಸಾಲಾಗಿ ನಿಲ್ಲಿಸಿ ಉಗುರು ನೋಡೋರು. ಅಪ್ಪ ಅವ್ವ ಮಾತು ಬಿಟ್ಟಿದ್ದರೆ ಅದು ಅವರಿಗೆ ಹೊಸ್ತಿಲಲ್ಲೇ ಗೊತ್ತಾಗೋದು. "ಏನಪಾ, ಮೂಗಿನ ಮ್ಯಾಲ ಸಿಟ್ಟು ಇಟಗೊಂಡು ಉಣ್ಣಾಕತ್ತಿ?" ಅಂತ ಅಪ್ಪನಿಗೇ ಕೇಳೋರು. ಅಪ್ಪ ನಕ್ಕುಬಿಡೋರು, ಮನೆ ಹಗುರಾಗುತ್ತಿತ್ತು. ಒಂದು ಸಲ ಯಾರೋ ತಪ್ಪಿ ಅತ್ತೆಯ ಪಾಳಿಯಲ್ಲಿ ಬಾಯಿಯನ್ನು ಕರೆದುಕೊಂಡು ಹೋದರು ಅಂತ ಎರಡು ಮನೆಯವರು ಕ್ರಿಸ್ಮಸ್ ತನಕ ಮಾತು ಬಿಟ್ಟಿದ್ದರು.

ರೂತಬಾಯಿ ಹಾಸಿಗೆ ಹಿಡಿದಾಗಲೂ ಪಾಳಿ ನಿಲ್ಲಲಿಲ್ಲ. ಊಟ ಅವರ ಖೋಲಿಗೇ ಹೋಯಿತು. ಸತ್ತಾಗ ಮಣ್ಣು ಹಾಕಲು ಮೊದಲು ಯಾರು ಬರಬೇಕು ಅಂತ ಆಗಿನ ಪಾಸ್ಟರು ಕೇಳಿದರೆ ಇಡೀ ಕಾಂಪೌಂಡೇ ಮುಂದೆ ಬಂತು. ನನ್ನ ಅವ್ವ ಸ್ವಂತ ತಾಯಿ ಸತ್ತಾಗಲೂ ಅಷ್ಟು ಅತ್ತಿರಲಿಲ್ಲ.

ನಮ್ಮ ಹಳೆಯ ಬೋಧನೆಯಲ್ಲಿ ಮದುವೆಯ ಮಾತು ಎಷ್ಟಿದೆಯೋ, ಮದುವೆ ಇಲ್ಲದೆ ಬಾಳುವವರ ಮಾತೂ ಇದೆ. ಅದೂ ದೇವರ ಕರೆಯೇ ಅಂತ ನಮಗೆ ಕಲಿಸಿದ್ದರು. ನಾವು ಒಂದರ್ಧ ನೆನಪಿಟ್ಟುಕೊಂಡು ಇನ್ನೊಂದರ್ಧ ಮರೆತುಬಿಟ್ಟೆವಾ? ಕಾಂಪೌಂಡಿನ ಮನೆಗಳು ಖಾಲಿಯಾದವು, ಒಬ್ಬೊಬ್ಬರು ಒಂದೊಂದು ಲೇಔಟಿಗೆ ಹೋದರು. ಈಗ ನಮ್ಮಲ್ಲಿ ಗಂಡ ಹೆಂಡಿರ ಕೂಟ ಇದೆ, ತಾಯಂದಿರ ಕೂಟ ಇದೆ, ಯುವಕರ ಕೂಟ ಇದೆ. ಸುಧ್ಯಾ ಯಾವುದರಲ್ಲಿ ಕೂರಬೇಕು, ಹೇಳಿ ನೋಡೋಣ.

ಇದನ್ನೆಲ್ಲ ಹೇಳಿದರೆ ನನ್ನ ಮಗಳು ಫೋನಿನಲ್ಲಿ ಜಗಳಕ್ಕೇ ನಿಂತಳು. "ಅಂವ ಒಬ್ಬನೇ ಯಾಕ ಇರಬೇಕು, ಮಮ್ಮಿ? ತನಗ ಬೇಕಾದವರ ಜೋಡಿ ಇರ್ಲಿ. ಕಾಲ ಎಲ್ಲಿಗೆ ಬಂದದ!" ಹಾಗೆ ಹೇಳುವ ಕ್ರೈಸ್ತರೂ ಈಗ ಇದ್ದಾರೆ, ಗೊತ್ತು. ನಾನು ಹಳೆಯ ಪಾಠದಲ್ಲಿ ಬೆಳೆದವಳು, ಅದನ್ನು ಬಿಟ್ಟಿಲ್ಲ. ಸುಧ್ಯಾನೂ ಬಿಟ್ಟಿಲ್ಲ. ಅವಳ ಮಾತನ್ನು ಅವನಿಗೆ ಮುಟ್ಟಿಸಿದೆ. ಅವನು ನಕ್ಕು, "ಆಕಿ ಕರುಳು ನನಗ ತಿಳೀತದ. ನನ್ನ ದಾರಿ ನಾ ಆರಿಸೀನಿ ಅಂತ ಹೇಳು," ಅಂದ. ಅದರ ಮೇಲೆ ಮಾತಾಡಲು ನಾನ್ಯಾರು?

(ಅಂದಹಾಗೆ, ಅವನನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. "ಹೆಸರು ಬದಲಿ ಮಾಡ್ಲೇನೋ?" ಅಂದೆ. "ಮಾಡು. ಆದ್ರ ಛಲೋ ಹೆಸರು ಇಡು," ಅಂದ. ಸುಧಾಕರ ಚೆನ್ನಾಗಿದೆ ತಾನೇ?)

ಮುಂದಿನ ಭಾನುವಾರ ಮತ್ತೆ ಹೋದೆ. ಮನಸ್ಸು ತಡೆಯಲಿಲ್ಲ. ಗಂಡಸರ ಕಡೆ ಜಮಖಾನದ ಮೇಲೆ ಸುಧ್ಯಾ ಕೂತಿದ್ದ. ಅವನ ಆಚೆ ಈಚೆ ಜಾಗ ಖಾಲಿ! ಹಿಂದೆ ಜನ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಇಕ್ಕಟ್ಟಿನಲ್ಲಿ ಕೂತಿದ್ದಾರೆ, ಮುಂದೆ ಜಾಗ ಬಿದ್ದಿದೆ. ಮೈಯೆಲ್ಲ ಉರಿಯಿತು ನನಗೆ. ಚರ್ಚು ಹೇಳಿದ್ದನ್ನೇ ಅಕ್ಷರಕ್ಕೆ ಅಕ್ಷರ ಪಾಲಿಸಿದವನಿಗೆ ಚರ್ಚು ಕೊಟ್ಟ ಇನಾಮು ಇದು.

ಆರಾಧನೆ ಮುಗಿದ ಕೂಡಲೇ ಪಾಸ್ಟರ ಹತ್ತಿರ ಹೋಗಿ ರೂತಬಾಯಿಯ ಕಥೆ ಪೂರ್ತಿ ಹೇಳಿದೆ. ಅವರು ನಮ್ಮೂರಿಗೆ ಈಚೆಗೆ ಬಂದವರು, ಬಾಯಿಯನ್ನು ನೋಡಿದವರಲ್ಲ. ಕೇಳಿಸಿಕೊಂಡರು. "ಹಿಂಗ ಬಾಳಬ್ಯಾಡ ಅಂತ ಹೇಳೋದು ನನಗ ಬರ್ತದ, ಅಕ್ಕಾ," ಅಂದರು. "ಹ್ಯಾಂಗ ಬಾಳಬೇಕು ಅನ್ನೋದು ಕಲಿಸಿದವರು ಯಾರೂ ಇಲ್ಲ. ವಿಚಾರ ಮಾಡ್ತೀನಿ." ಪಾಸ್ಟರುಗಳು ವಿಚಾರ ಮಾಡ್ತೀನಿ ಅಂದರೆ ಅದು ಅಲ್ಲಿಗೇ ಮುಗಿಯಿತು ಅಂತ ನಾನು ಅಂದುಕೊಂಡೆ.

ಮುಗಿಯಲಿಲ್ಲ. ಈ ಭಾನುವಾರ ಪ್ರಕಟಣೆಯ ಹೊತ್ತಿಗೆ ಪೀಠದಿಂದ ಇಳಿದು ಬಂದರು. "ಹಿಂದಕ ನಮ್ಮ ಸಭೆಯೊಳಗ ಒಂದು ಪಾಳಿ ಇತ್ತಂತ," ಅಂದರು. ಹಳಬರ ತಲೆಗಳು ಮೇಲೆದ್ದವು. "ಮತ್ತ ಶುರು ಮಾಡೋಣ. ಸುಧಾಕರ ಮತ್ತ ಅವರ ತಾಯಿ ಬರೋ ಭಾನುವಾರ ಯಾರ ಮನ್ಯಾಗ ಊಟ ಮಾಡ್ತಾರ? ಹೇಳ್ರಿ."

ಹೇಳಿ, ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು ಸುಮ್ಮನಾದರು.

ಹೆಂಗಸರ ಕೈಗಳು ನೆರಿಗೆಗೆ ಹೋದವು. ಮಕ್ಕಳ ಮೂಗು ಒರೆಸಲಾಯಿತು. ಗಂಡಸರು ಜಮಖಾನದ ಪಟ್ಟಿ ನೋಡುತ್ತಾ ಕೂತರು. ಅತ್ತೆ ಮಾತ್ರ ತಲೆ ಎತ್ತಿ, ಸೆರಗು ಹಿಂದೆ ಸರಿಸಿ, ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದರು. ಆ ಮುಖಗಳೆಲ್ಲ ರೂತಬಾಯಿಯ ಪಕ್ಕದಲ್ಲಿ ಕೂತು ಉಂಡದ್ದನ್ನು ಅವರು ನೋಡಿದ್ದರು.

ನಾನು ಕೈ ಎತ್ತಿದೆ. "ನಮ್ಮ ಮನ್ಯಾಗ್ರಿ. ಬಸವಕಲ್ಯಾಣಕ್ಕ ಬರ್ಬೇಕು, ಬಸ್ಸಿನ್ಯಾಗ." ಸುಧ್ಯಾ ತಿರುಗಿ ನೋಡಿದ. ಛತ್ರಿ ಹಿಡಿಯಲು ಕಿತ್ತಾಡುತ್ತಿದ್ದ ಹುಡುಗನ ಕಣ್ಣೇ ಅದು.

"ಆತು," ಅಂದರು ಪಾಸ್ಟರು. "ಅದರ ಮುಂದಿನ ವಾರ?"

ಮತ್ತೆ ಅದೇ ನೆರಿಗೆ, ಅದೇ ಮೂಗು.

ಮದುವೆಗೆ ಅಡ್ಡಿ ಇದೆಯಾ ಅಂತ ಮೂರು ಮೂರು ಸಲ ಕೇಳುವ ನಮಗೆ, ಒಬ್ಬನನ್ನು ಊಟಕ್ಕೆ ಕರೆಯಲು ಏನಡ್ಡಿ?