ಮೊದಲ ಸಹಿ

ಕುರಿ ಕಾಯ್ದವರೆಲ್ಲ ಬಲ್ಲ ಒಂದು ಉಪಾಯವನ್ನು ನಿಮಗೂ ಹೇಳಿಬಿಡುತ್ತೇನೆ. ಕುರಿಗೆ ನೀರೆಂದರೆ ಜೀವಭಯ. ಹಳ್ಳದ ದಡದಲ್ಲಿ ಮಂದೆ ನಿಂತಿತೆಂದರೆ ಬೈದರೂ, ಕೋಲು ಬೀಸಿದರೂ, ಜಪ್ಪಯ್ಯ ಅಂದರೂ ಇಳಿಯುವುದಿಲ್ಲ. ಆಗ ಅಂಚಿನಲ್ಲಿರುವ ಒಂದನ್ನು ಕಿವಿ ಹಿಡಿದು ನೀರಿಗೆಳೆಯಬೇಕು. ಅದೊಂದು ಇಳಿದರೆ ಮಿಕ್ಕವು ತಾವಾಗಿಯೇ ಹಿಂದೆ ಬರುತ್ತವೆ. ತಮಿಳುನಾಡಿನ ಪೆನ್ನಾಗರಂ ಕಡೆಯ, ಕನ್ನಡ ಆಡುವ ನಮ್ಮೂರಿನಲ್ಲಿ ಹೀಗೆ ಎಳೆಯುವ ಕೆಲಸ ಎಷ್ಟೋ ಸಲ ನನ್ನದೇ ಆಗಿತ್ತು. ಎಳೆಸಿಕೊಳ್ಳುವ ಕುರಿಯ ಸಂಕಟ ಮಾತ್ರ ತಿಳಿದದ್ದು ತೊಂಬತ್ತರ ದಶಕದಲ್ಲಿ, ಮೊರಪ್ಪೂರಿನ ಹತ್ತಿರದ ಒಂದು ನೂಲಿನ ಗಿರಣಿಯ ಆಫೀಸಿನಲ್ಲಿ.

ಆ ಗಿರಣಿಯ ಹಳೆಯ ಮಾಲೀಕರು ನನಗೆ ಟೈಪಿಸ್ಟ್ ಕೆಲಸ ಕೊಟ್ಟಿದ್ದರು. ಕಾಯಂ ಕೆಲಸ, ಪಿ.ಎಫ್., ವಾರದ ರಜೆ ಎಲ್ಲವೂ ಉಂಟೆಂಬ ಅವರ ಮಾತನ್ನು ನಂಬಿ ಹರೂರಿನಲ್ಲಿ ಟೈಪಿಂಗ್ ಕಲಿಸುತ್ತಿದ್ದ ಕೆಲಸವನ್ನು ಬಿಟ್ಟೆ. ಆ ಜಾಗಕ್ಕೆ ಬೇರೊಬ್ಬಳು ಬಂದು ಕೂತದ್ದೂ ಆಯಿತು. ಸೇರಲೆಂದು ಹೋದರೆ ಗಿರಣಿಯೇ ಸೇಲಂನವರ ಪಾಲಾಗಿತ್ತು. ಹೊಸ ಮ್ಯಾನೇಜರು ಬೇರೆಯೇ ಕಾಗದ ಮುಂದಿಟ್ಟರು: ಕಂಟ್ರಾಕ್ಟರನ ಕೈಕೆಳಗೆ ದಿನಗೂಲಿ, ಬೇಡವೆಂದ ದಿನ ಮನೆಗೆ. "ಕೈಯೆಳುತ್ತು ಪೋಡುಮ್ಮಾ," ಎಂದು ಸಹಿಗಾಗಿ ಪೆನ್ನನ್ನೂ ತಾವೇ ಬಿಚ್ಚಿ ಕೊಟ್ಟರು. ಎಂಥ ಉಪಚಾರ!

ಪೆನ್ನು ಕೈಗೆ ತೆಗೆದುಕೊಂಡೆ. ಮೇಜಿನ ಮೇಲೆ ಅಂಥದೇ ಕಾಗದಗಳ ಕಟ್ಟೊಂದಿತ್ತು. ಮೇಲಿನದರಲ್ಲಿ ಪಕ್ಕದೂರಿನ ಮಾದಮ್ಮಕ್ಕನ ಹೆಸರು. ಅದೇ ಗಿರಣಿಯ ನೂಲುವ ಕೆಲಸದಲ್ಲೇ ಹಣ್ಣಾದ ಹೆಂಗಸು ಅವಳು. ಸಹಿಯ ಜಾಗ ಖಾಲಿ. ಒಳಗೆ ದುಡಿಯುತ್ತಿರುವವರು ಸಹಿ ಹಾಕಿದ್ದಾರೆಯೇ ಎಂದು ತಮಿಳಿನಲ್ಲಿ ಕೇಳಿದೆ. "ಮೊದಲ್ಲ ನೀ ಪೋಡು. ಅವಂಗ ತಾನಾ ಪೋಡುವಾಂಗ." ನಾನು ಹಾಕಿದರೆ ಅವರು ತಾವಾಗಿಯೇ ಹಾಕುತ್ತಾರಂತೆ. ಓಹೋ, ಇವತ್ತು ಹಿಡಿದಿರುವುದು ನನ್ನ ಕಿವಿ! ಪೆನ್ನನ್ನು ಮೇಜಿನ ಮೇಲಿಟ್ಟು ಹೊರಗೆ ಬಂದೆ. ಧೈರ್ಯದಿಂದಲ್ಲ ಸ್ವಾಮಿ, ಸಿಟ್ಟಿನಿಂದ.

ಪಾಳಿ ಬಿಡುವವರೆಗೂ ಗೇಟಿನ ಬಳಿಯೇ ನಿಂತಿದ್ದೆ. ಮಾದಮ್ಮಕ್ಕ ಕಂಡವಳೇ ಉರಿದುಬಿದ್ದಳು. "ಓದ್ದೋಳು ನೀನೇ ಸೈ ಆಕ್ಬುಟ್ಟೆ ಅಂತ ಮ್ಯಾನೇಜ್ರು ಒಳಗೆಲ್ಲಾ ಏಳ್ತಾವ್ರೆ. ನಿನ್ಗೇನ್ ಬಂದಿತ್ತೇ?"

"ಇಲ್ಲಕ್ಕಾ, ನಾನು ಆಕ್ನಿಲ್ಲ."

ಹೆಂಗಸರು ಮುಖ ಮುಖ ನೋಡಿಕೊಂಡರು. ಮಾರನೆಯ ದಿನ ಯಾರೂ ಸಹಿ ಹಾಕಲಿಲ್ಲ. ಎಲ್ಲರೂ ಕೂಡಿ ಧರ್ಮಪುರಿಯ ಲೇಬರ್ ಆಫೀಸಿಗೆ ಹೋದೆವು. ಗಿರಣಿ ಕೈ ಬದಲಾಯಿಸಿದ ಮಾತ್ರಕ್ಕೆ ದುಡಿದವರ ಸರ್ವೀಸು ಮುರಿಯಬಾರದು, ಷರತ್ತು ಕೆಡಬಾರದು, ಕೆಟ್ಟರೆ ಪರಿಹಾರ ಕೊಡಬೇಕು ಎಂದು ಅಧಿಕಾರಿ ಬಿಡಿಸಿ ಹೇಳಿದರು. ಆಮೇಲೆ ನನ್ನತ್ತ ನೋಡಿ, ನೀನು ಒಂದು ದಿನವೂ ದುಡಿದಿಲ್ಲವಲ್ಲಮ್ಮಾ, ನಿನ್ನ ಪಾಡು ಕಷ್ಟ ಎಂದರು. ಹೊಸಿಲ ಒಳಗಿದ್ದವರಿಗೆ ಕಾನೂನಿತ್ತು. ಕರೆದರೆಂದು ನಂಬಿ, ಇದ್ದ ಮನೆ ಬಿಟ್ಟು, ಹೊಸಿಲ ಮೇಲೆ ಒಂದು ಕಾಲಿಟ್ಟು ನಿಂತವಳಿಗೆ ಏನಿದೆ ಎಂದು ನಾನು ಇವತ್ತಿಗೂ ಯೋಚಿಸುತ್ತೇನೆ. ಅವತ್ತು ಯೋಚನೆ ಬರಲಿಲ್ಲ, ಅಳು ಬಂತು.

ಕೊನೆಗೆ ಅದೇ ಆಫೀಸಿನಲ್ಲಿ ರಾಜಿಯಾಯಿತು. ಒಳಗಿನವರಿಗೆಲ್ಲ ಹಳೆಯ ಷರತ್ತೇ ಎಂದು ಮ್ಯಾನೇಜರು ಒಪ್ಪಿ, ಒಪ್ಪಂದವನ್ನು ಮಾದಮ್ಮಕ್ಕನ ಮುಂದೆ ಸರಿಸಿದರು. ಅವಳು ಪೆನ್ನು ಮುಟ್ಟಲಿಲ್ಲ.

"ಈ ಮಗೀದು ಎಸ್ರು ಎಲ್ಲೈತೆ?"

ಎಂದು ಮಾದಮ್ಮಕ್ಕ ನನ್ನತ್ತ ಬೆರಳು ತೋರಿಸಿದಳು. ಇವಳು ನಮ್ಮ ಆಳೇ ಅಲ್ಲವಲ್ಲ ಎಂದರು ಮ್ಯಾನೇಜರು.

"ನಿಮ್ ಆಳಲ್ದಿದ್ರೆ ಅವತ್ತು ಇವಳ್ ಕೈಲಿ ಸೈ ಯಾಕ್ ಕೇಳಿದ್ರಿ?"

ಸಿಟ್ಟು ಬಂದರೆ ಮಾದಮ್ಮಕ್ಕನಿಗೆ ತಮಿಳು ಹೊರಡುವುದಿಲ್ಲ. ಆ ಮಾತನ್ನು ಅಧಿಕಾರಿಗೂ ಮ್ಯಾನೇಜರಿಗೂ ನಾನೇ ತಮಿಳು ಮಾಡಿ ಹೇಳಬೇಕಾಯಿತು. ಹೆಂಗಸರಲ್ಲಿ ಒಬ್ಬರೂ ಪೆನ್ನಿಗೆ ಕೈ ಚಾಚಲಿಲ್ಲ. ಆಮೇಲೆ ಮ್ಯಾನೇಜರು ಕಾಗದವನ್ನು ತಮ್ಮ ಕಡೆಗೆ ಎಳೆದುಕೊಂಡು, ಹೆಸರುಗಳ ಕೊನೆಗೆ ಪೆನ್ನೂರಿ, ನನ್ನ ಇನಿಷಿಯಲ್ ಏನೆಂದು ಕೇಳಿದರು.