ಬಾಯಾರ ಎರಡು ಜೇನುಪೆಟ್ಟಿಗೆಗಳು

ಹೋದ ವಾರ ಹ್ಯಾರೋದ ಗಾರ್ಡನ್ ಅಂಗಡಿಯಲ್ಲಿ ಯಾರೋ ಕೀಟನಾಶಕದ ಬಾಟಲಿ ಬೀಳಿಸಿದರು. ಸೀಮೆಎಣ್ಣೆಗೆ ಬೆಳ್ಳುಳ್ಳಿ ಬೆರೆಸಿದಂಥ ವಾಸನೆ. ಕೊಳ್ಳಲು ಹೋಗಿದ್ದ ಕುಂಡವನ್ನು ಅಲ್ಲೇ ಬಿಟ್ಟು ಹೊರಗೆ ಬಂದೆ. ಬಾಯಾರು ನೆನಪಾದರು...

ತೊಂಬತ್ತರ ದಶಕದ ಮೊದಲಲ್ಲಿ ನಾನು ಮದುವೆಯಾಗಿ ಮೈಸೂರಿನಿಂದ ಇಂಗ್ಲಿಷರ ನಾಡಿನ ಸಟನ್‌ಗೆ ಬಂದಾಗ ಅವರು ಪಕ್ಕದ ಮನೆಯಲ್ಲಿದ್ದರು. ಧಾರವಾಡದವರು; ಆ ಕಡೆ ಹಿರಿಯ ಹೆಂಗಸರನ್ನು ಕರೆಯುವಂತೆ ನಾನೂ ಬಾಯಾರು ಅನ್ನುತ್ತಿದ್ದೆ. ಗಂಡ ತೀರಿಕೊಂಡಿದ್ದರು, ಆಸ್ಪತ್ರೆಯ ಲ್ಯಾಬಿನಲ್ಲಿ ದುಡಿದು ನಿವೃತ್ತರಾಗಿದ್ದರು. ನನ್ನ ಗಂಡ ಡಾಕ್ಟರು, ಡ್ಯೂಟಿಗೆ ಹೋದರೆ ಕೆಲವೊಮ್ಮೆ ಎರಡು ದಿನ ಮನೆಗೆ ಬರುತ್ತಿರಲಿಲ್ಲ. ಹಗಲಿಡೀ ನನ್ನ ಕಿವಿಗೆ ಬೀಳುತ್ತಿದ್ದ ಕನ್ನಡವೆಂದರೆ ಬೇಲಿಯಾಚೆಯ ಬಾಯಾರ ಮಾತೊಂದೇ.

ಅವರ ಹಿತ್ತಲಿನಲ್ಲಿ ಎರಡು ಜೇನುಪೆಟ್ಟಿಗೆಗಳಿದ್ದವು. ತುಪ್ಪದ ಆಸೆಗೆ ಸಾಕಿದ್ದಲ್ಲ. ಪೆಟ್ಟಿಗೆಯ ಬಾಯಿಯ ಕೆಳಗಿಟ್ಟ ತಟ್ಟೆಯಲ್ಲಿ ಸತ್ತುಬಿದ್ದ ಹುಳುಗಳನ್ನು ಪ್ರತಿ ಬೆಳಿಗ್ಗೆ ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು. ಸಂಖ್ಯೆ ಏರಿದರೆ ಹುಳುಗಳನ್ನು ಡಬ್ಬಿಗೆ ತುಂಬಿ ಪರೀಕ್ಷೆಗೆಂದು ಒಂದು ಲ್ಯಾಬಿಗೆ ಅಂಚೆಯಲ್ಲಿ ಕಳಿಸುತ್ತಿದ್ದರು.

"ಎರಡು ಮೈಲಿ ತಿರುಗ್ಯಾಡಿ ಬರ್ತಾವ ಇವು. ಗಿಡಕ್ಕ ಯಾರು ಏನ್ ಹೊಡದ್ರೂ, ರೋಡಿನ ಹೊಗಿಯೊಳಗ ಏನಿದ್ರೂ, ಇವುಗಳ ಮೈಯಾಗ ಸಿಗತದ," ಎನ್ನುತ್ತಿದ್ದರು. ನನಗೂ ಎಣಿಸಲು ಕಲಿಸಿದರು.

ಒಂದು ಜೂನ್‌ನಲ್ಲಿ ತಟ್ಟೆ ತುಂಬಿ, ಹುಲ್ಲಿನ ಮೇಲೂ ಹುಳುಗಳು ಚೆಲ್ಲಿದ್ದವು. ಒಂದು ಪೆಟ್ಟಿಗೆ ಪೂರ್ತಿ ಖಾಲಿಯಾಯಿತು. ಕೆಲವು ವಾರಗಳ ನಂತರ ಬಾಯಾರು ಲ್ಯಾಬಿನ ಪತ್ರ ಹಿಡಿದು ಬಂದು ವಿಷದ ಹೆಸರನ್ನು ಓದಿ ಹೇಳಿದರು. ನಮ್ಮ ಶೆಡ್ಡಿನಲ್ಲಿದ್ದ ಬಾಟಲಿಯ ಮೇಲೂ ಅದೇ ಹೆಸರಿತ್ತು. ಗುಲಾಬಿಗೆ ಹೇನು ಹತ್ತಿದೆಯೆಂದು ನಾನೇ ಹೊಡೆದಿದ್ದೆ. ಅವರು ಪತ್ರ ತಂದ ಹಿಂದಿನ ದಿನವಷ್ಟೇ, ಹೂಬಿಟ್ಟಿದ್ದ ಬೀನ್ಸ್ ಬಳ್ಳಿಗೂ ಹೊಡೆದಿದ್ದೆ.

"ಪಾರ್ಕಿನ್ಯಾಗ ಕೌನ್ಸಿಲ್‌ನವ್ರು ಹೊಡದಿರಬೇಕು. ನೀ ಏನರ ಹೊಡದೀಯೇನವಾ? ಹೊಡದಿದ್ರ ಹೇಳು, ಉಳದ ಪೆಟಗಿ ಇವತ್ತ ಗೆಳತಿ ತ್ವಾಟಕ್ಕ ಒಯ್ತೀನಿ."

"ಇಲ್ಲ," ಅಂದೆ.

ಯಾಕೆ ಹಾಗಂದೆನೋ... ಅವರೂ ಮಾತು ಬಿಟ್ಟರೆ ಆ ಊರಿನಲ್ಲಿ ನನಗೆ ಯಾರಿದ್ದಾರೆ ಎಂಬ ಭಯ. "ಹಂಗಾರ ಇಲ್ಲೇ ಇರಲಿ," ಎಂದು ಅವರು ಹೊರಟುಹೋದರು.

ಮೂರನೆಯ ದಿನ ಎರಡನೆಯ ಪೆಟ್ಟಿಗೆಯ ಸದ್ದೂ ಅಡಗಿತು. ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಬಾಯಾರು ಹುಲ್ಲಿನಲ್ಲಿ ಮೊಣಕಾಲೂರಿ ಕೂತು ಎಣಿಸುತ್ತಲೇ ಇದ್ದರು.

ನನಗೆ ತಡೆಯಲಾಗಲಿಲ್ಲ. ಬಾಟಲಿಯನ್ನು ಒಯ್ದು ಅವರ ಮೇಜಿನ ಮೇಲಿಟ್ಟೆ. ಕನ್ನಡಕ ಹಾಕಿಕೊಂಡು ಲೇಬಲ್ಲನ್ನು ಓದಿದರು, ಹೆಸರನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

"ಗೊತ್ತಿಲ್ದ ಹೊಡದೀ, ಅದು ಇರಲಿ," ಅಂದರು. "ಆದ್ರ ನಾ ನಿನ್ನ ಕೇಳಿದ್ನಲ್ಲ... ಬಾಯಿಬಿಟ್ಟು ಕೇಳಿದ್ನಲ್ಲ."

ಅಷ್ಟೇ. ಬಯ್ಯಲಿಲ್ಲ.

ಆಮೇಲೆ ಎದುರಾದರೆ "ಆರಾಮಾ?" ಅನ್ನುತ್ತಿದ್ದರು, ನಿಲ್ಲುತ್ತಿರಲಿಲ್ಲ. ಹೊಸ ಹುಳುಗಳನ್ನು ತರಲಿಲ್ಲ. ನಾವು ಹ್ಯಾರೋಗೆ ಮನೆ ಬದಲಿಸುವ ದಿನ ಹೋಗಿ ಬಾಗಿಲು ತಟ್ಟಿದೆ. ಒಳಗೆ ಕರೆದು ಚಹಾ ಕೊಟ್ಟರು. ಕುಡಿದು, ಲೋಟ ತೊಳೆದಿಟ್ಟು ಬಂದೆ. ಎಷ್ಟೋ ವರ್ಷಗಳ ನಂತರ, ಯುಗಾದಿಯ ಕೂಟವೊಂದರಲ್ಲಿ ಊಟ ಮಾಡುತ್ತಿದ್ದಾಗ, ಬಾಯಾರು ತೀರಿಕೊಂಡು ವರ್ಷವಾಯಿತೆಂದು ಯಾರೋ ಹೇಳಿದರು.

ಈಗ ನನಗೆ ಆಗಿನ ಅವರ ವಯಸ್ಸು. ಗಂಡನೂ ಇಲ್ಲ. ಫೋನಿನಲ್ಲಿ ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಮಗಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ. ಈ ಸಂಗತಿಯನ್ನು ಅವಳಿಗೂ ಹೇಳಿಲ್ಲ. ಒಮ್ಮೊಮ್ಮೆ ರೈಲು ಹತ್ತಿ ಸಟನ್‌ಗೆ ಹೋಗಿ ಆ ಬೀದಿಯ ತುದಿಯವರೆಗೆ ನಡೆದು ಬರುತ್ತೇನೆ. ಬಾಯಾರ ಮನೆಯಲ್ಲಿ ಬೇರೆ ಯಾರೋ ಇದ್ದಾರೆ. ಬಾಯಾರಲ್ಲಿ ಕೇಳದೆ ಉಳಿದ ಕ್ಷಮೆಯನ್ನು ಅವರ ಬಳಿ ಏನೆಂದು ಕೇಳಲಿ?