ನ್ಯೂರೆಂಬರ್ಗಿನ ಇಪ್ಪತ್ನಾಲ್ಕನೇ ತಾರೀಕು

ಸಂಕಪ್ಪ ಜರ್ಮನಿಯನ್ನು ಕಂಡವನಲ್ಲ. ಆದರೆ ಮಸ್ಕತ್ತಿನ ರುವಿಯ ಟ್ರಾವೆಲ್ಸ್ ಕಚೇರಿಯಲ್ಲಿ ಕೂತು ಹದಿನಾಲ್ಕು ವರ್ಷ ಫ್ರಾಂಕ್‌ಫರ್ಟಿಗೆ ಟಿಕೆಟ್ ಮಾಡಿದ್ದ. ಒಳನಾಡಿನ ಇಬ್ರಿ ಪಟ್ಟಣದಾಚೆಯ ಎಣ್ಣೆ ಬಾವಿಗಳಲ್ಲಿ ದುಡಿಯುವ ಜರ್ಮನ್ ಇಂಜಿನಿಯರುಗಳು ಊರಿಗೆ ಹೋಗುವುದು, ಮರಳಿ ಬರುವುದು ಎಲ್ಲ ಅವನ ಕೈಯಿಂದಲೇ. ಎಣ್ಣೆಯ ಬೆಲೆ ನೆಲಕಚ್ಚಿದ ಮೇಲೆ, ಎರಡು ಸಾವಿರದ ಹದಿನೈದರಲ್ಲಿ, ಅವರು ಒಬ್ಬೊಬ್ಬರಾಗಿ ಹೊರಟರು. ಯಾರಿಗೂ ಮರಳುವ ಟಿಕೆಟ್ ಬೇಕಿರಲಿಲ್ಲ.

"ಇನ್ನು ಕಂಪೆನಿಗಳನ್ನು ನಂಬಿ ಕೂತರೆ ಆಗದು," ಎಂದ ಸೆಪ್ಟೆಂಬರಿನಲ್ಲಿ ಕಚೇರಿಯ ಧಣಿ, ಅವನಿಗೆ ವೀಸಾ ಕೊಟ್ಟ ಕಫೀಲ್ ಮುಹಮ್ಮದ್, ತನ್ನ ಹಿಂದಿಯಲ್ಲಿ. "ನಿನಗೆ ಜರ್ಮನಿ ಗೊತ್ತಲ್ಲ, ತಿರುಗಾಡುವವರನ್ನು ಹಿಡಿ. ಡಿಸೆಂಬರಿನಲ್ಲಿ ಒಂದು ಗುಂಪು ಹೋಗಿ ಖುಷಿಯಾಗಿ ಬಂದರೆ ನಿನ್ನ ಮೇಜು ಉಳಿಯುತ್ತದೆ. ಇಲ್ಲವಾದರೆ ಖಲಾಸ್."

ಗೊತ್ತು ಎಂದುಬಿಟ್ಟ ಸಂಕಪ್ಪ. ಜನವರಿಯಲ್ಲಿ ಅವನ ವೀಸಾ ಮುಗಿಯುವುದಿತ್ತು. ಹೆಂಡತಿ ಲೋಲಾಕ್ಷಿಯ ವೀಸಾ, ಮಗಳು ದೀಕ್ಷಿತಾಳ ವೀಸಾ ಎರಡೂ ಅವನದಕ್ಕೇ ಜೋತುಬಿದ್ದಿದ್ದವು. ದೀಕ್ಷಿತಾಳ ಹನ್ನೆರಡನೇ ಕ್ಲಾಸಿನ ಪರೀಕ್ಷೆ ಇದ್ದದ್ದು ಮಾರ್ಚಿನಲ್ಲಿ.

ಮೂರು ತಿಂಗಳು ಅವನು ಪ್ರವಾಸವನ್ನು ಹೊಸೆದ. ರೈನ್ ನದಿಯ ದೋಣಿ, ದಂಡೆಯ ಕೋಟೆಗಳು, ಕಲೋನಿನ ಇಗರ್ಜಿ, ಬಾನ್‌ನಲ್ಲಿ ಒಬ್ಬ ದೊಡ್ಡ ಸಂಗೀತಗಾರ ಹುಟ್ಟಿದ ಮನೆ, ನ್ಯೂರೆಂಬರ್ಗಿನ ಆಟಿಕೆಗಳ ಮ್ಯೂಸಿಯಂ. ಎಲ್ಲಕ್ಕೂ ಕಳಸವಿಟ್ಟ ಹಾಗೆ, ಇಪ್ಪತ್ನಾಲ್ಕರ ಸಂಜೆ, ಅದೇ ಊರಿನ ಕ್ರಿಸ್‌ಮಸ್ ಸಂತೆ. ಸಂಕಪ್ಪ ಕಾರ್ಕಳದ ಕಡೆಯವನು, ಅತ್ತೂರು ಇಗರ್ಜಿಯ ಸಾಂತ್‌ಮಾರಿ ಜಾತ್ರೆ ನೋಡಿ ಬೆಳೆದವನು. ಹಬ್ಬದ ದಿನವೇ ಅಲ್ಲಿ ಅಂಗಡಿಸಾಲಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹಬ್ಬ ಎಂದರೆ ಹಾಗೇ ಅಲ್ಲವೇ?

ಪಕ್ಕದ ಮೇಜಿನ ಸ್ಟ್ಯಾನಿ, ಮಂಗಳೂರು ಕಡೆಯ ಕ್ರೈಸ್ತ, ಪಟ್ಟಿ ನೋಡಿ ನಕ್ಕಿದ್ದ. "ಕ್ರಿಸ್‌ಮಸ್ ಹಿಂದಿನ ಸಂಜೆ ನಾವು ಮನೆಯಲ್ಲಿರುವುದು ಮಾರಾಯ. ಸಂತೆ ತಿರುಗುವವರು ಯಾರು?"

"ನಿಮ್ಮದು ಬಜ್ಪೆ. ಅದು ಜರ್ಮನಿ," ಎಂದಿದ್ದ ಸಂಕಪ್ಪ. ಅಲ್ಲಿನ ಏಜೆಂಟರನ್ನು ಒಂದು ಮಾತು ಕೇಳಬಹುದಿತ್ತು. ಗೊತ್ತು ಎಂದವನು ಕೇಳುವುದು ಹೇಗೆ?

ಹದಿನೆಂಟು ಮಂದಿ ಹೊರಟರು. ಮುಂದಾಳು ಮಸ್ಕತ್ತಿನ ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯ ಗೋಪಾಲಕೃಷ್ಣ, ಮೈಸೂರಿನವರು. ಜೊತೆಗೆ ಅವರ ತಾಯಿ ಪುಟ್ಟಲಕ್ಷ್ಮಮ್ಮ. ಮುಂದಿನ ದಸರೆಯ ಗೊಂಬೆ ಸಾಲಿಗೆ ಆ ಸಂತೆಯಿಂದ ಒಂದು ಜೊತೆ ಮರದ ಗೊಂಬೆ ತರಬೇಕೆಂಬುದು ಅವರ ಆಸೆ. ಸಂಕಪ್ಪನೇ ಹುಟ್ಟಿಸಿದ ಆಸೆ ಅದು.

ಇಪ್ಪತ್ನಾಲ್ಕರಂದು ಮಸ್ಕತ್ತಿನಲ್ಲಿ ಸಂಜೆಯ ಮಗ್ರಿಬ್ ಬಾಂಗ್ ಮುಗಿಯುವ ಹೊತ್ತಿಗೆ ಫೋನ್ ಬಂತು; ಜರ್ಮನಿಯಲ್ಲಿ ಆಗಿನ್ನೂ ಮಧ್ಯಾಹ್ನ ಎರಡೂವರೆ.

"ಸಂಕಪ್ಪನವರೇ, ಇಲ್ಲಿ ಅಂಗಡಿ ಎಲ್ಲ ಬಿಚ್ತಾ ಇದಾರೆ," ಎಂದರು ಗೋಪಾಲಕೃಷ್ಣ. "ಮಧ್ಯಾಹ್ನಕ್ಕೇ ಮುಗೀತಂತೆ. ಹೋಟ್ಲೂ ಬಾಗಿಲು ಹಾಕ್ತಿವೆ. ನಾಳೆ, ನಾಡಿದ್ದೂ ಹೀಗೇ ಅಂತೆ."

ಅತ್ತ ಹಲಗೆಗಳನ್ನು ಲಾರಿಗೆ ಎಸೆಯುವ ಸದ್ದು ಕೇಳುತ್ತಿತ್ತು. ಪುಟ್ಟಲಕ್ಷ್ಮಮ್ಮ ಫೋನ್ ಕಸಿದುಕೊಂಡರು.

"ಏನಪ್ಪಾ, ಹಬ್ಬ ಅಂತ ಕಳಿಸಿ ಸೂತಕದ ಮನೆಗೆ ತಂದು ನಿಲ್ಲಿಸಿದ್ಯಲ್ಲ! ಬೀದೀಲಿ ಒಂದು ನರಪಿಳ್ಳೆ ಇಲ್ಲ."

"ತಪ್ಪಾಯ್ತಮ್ಮ."

"ತಪ್ಪು ತಿಂದರೆ ಹೊಟ್ಟೆ ತುಂಬತ್ತಾ? ಚಳಿ ಬೇರೆ, ಹಲ್ಲು ಕಟಕಟ ಅಂತಿದೆ."

ಸಂಕಪ್ಪ ಸ್ಟ್ಯಾನಿಯನ್ನು ವಿಚಾರಿಸಿಕೊಂಡು, ಯಾವುದಾದರೂ ಇಗರ್ಜಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತುಕೊಳ್ಳಿ, ಒಳಗೆ ಬೆಚ್ಚಗಿರುತ್ತದೆ, ಹಾಡು ಚೆನ್ನಾಗಿರುತ್ತದೆ ಎಂದ. ಕೆಲವರು ಹೋದರು. ಉಳಿದವರು ಹೋಟೆಲಿನ ಕೋಣೆಗಳಲ್ಲಿ ಬ್ರೆಡ್ಡಿಗೆ ಮೈಸೂರಿನ ಚಟ್ನಿಪುಡಿ ಹಚ್ಚಿ ತಿಂದರು. ಗುಂಪು ಎರಡು ದಿನ ಮೊದಲೇ ಹಿಂದಿರುಗಿತು. ಗೋಪಾಲಕೃಷ್ಣ ದೂರು ಬರೆಯಲಿಲ್ಲ. ಬೇರೆ ಮೂರು ಮನೆಯವರು ಮುಹಮ್ಮದನಿಗೆ ಬರೆದರು. ವಸಂತದ ಪ್ರವಾಸಕ್ಕೆ ಹೆಸರು ಕೊಟ್ಟವರೆಲ್ಲ ಹಿಂದೆ ಸರಿದರು.

ಮುಹಮ್ಮದ್ ಕೂಗಾಡಲಿಲ್ಲ. ಏಲಕ್ಕಿಯ ಕಾಫಿ, ಕಾವಾ ತರಿಸಿ ತಾನೇ ಬಗ್ಗಿಸಿ ಕೊಟ್ಟ.

"ಜರ್ಮನಿಯವರು ಸಮಯ ಬದಲಿಸಿದರಾ, ಅಥವಾ ನಿನಗೇ ಗೊತ್ತಿರಲಿಲ್ಲವಾ?"

"ಗೊತ್ತಿರಲಿಲ್ಲ."

"ಹಾಗಂತ ಸೆಪ್ಟೆಂಬರಿನಲ್ಲೇ ಹೇಳಬಹುದಿತ್ತಲ್ಲ, ಸಂಕಪ್ಪ."

"ಹೇಳಿದ್ದರೆ ಇಟ್ಟುಕೊಳ್ಳುತ್ತಿದ್ದಿರಾ?"

ಮುಹಮ್ಮದ್ ತನ್ನ ಬಟ್ಟಲಿಗೂ ಕಾವಾ ಬಗ್ಗಿಸಿಕೊಂಡ. "ಇಲ್ಲ," ಎಂದ, ಬಟ್ಟಲಿನ ಮೇಲೆಯೇ ಕಣ್ಣಿಟ್ಟು. ವೀಸಾ ಮುಂದುವರಿಸಲಾಗದು ಎಂದ. ಮಗಳ ಪರೀಕ್ಷೆಯ ಮಾತು ಬಂದಾಗ ಮಾತ್ರ ತಲೆ ಎತ್ತಿದ. ಅವಳೊಬ್ಬಳಿಗೆ ವಿಸಿಟ್ ವೀಸಾ ಮಾಡಿಸಿಕೊಡುವೆನೆಂದ, ಮಾಡಿಸಿಯೂ ಕೊಟ್ಟ. ಪರೀಕ್ಷೆ ಮುಗಿಯುವವರೆಗೆ ಅವಳು ಸ್ಟ್ಯಾನಿಯ ಮನೆಯಲ್ಲಿರುವುದೆಂದು ಆಯಿತು.

ಜನವರಿಯ ಕೊನೆಯ ಶುಕ್ರವಾರ ಲೋಲಾಕ್ಷಿ ಮಗಳ ಪೆಟ್ಟಿಗೆ ಹಿಡಿದು ಸ್ಟ್ಯಾನಿಯ ಹೆಂಡತಿ ರೋಸ್‌ಳ ಅಡುಗೆಮನೆಯಲ್ಲಿ ನಿಂತಿದ್ದಳು. ದೀಕ್ಷಿತಾಳಿಗೆ ಬಸಳೆ ಸೇರುವುದಿಲ್ಲ, ಓದುತ್ತ ಕೂತರೆ ಊಟ ಮರೆಯುತ್ತಾಳೆ ಎಂದು ಹೇಳಿದ್ದನ್ನೇ ಹೇಳುತ್ತಿದ್ದಳು.

"ನನಗೂ ಎರಡು ಮಕ್ಕಳುಂಟು ಲೋಲಕ್ಕ, ಉಪವಾಸ ಹಾಕುವುದಿಲ್ಲ," ಎಂದು ರೋಸ್ ಪೆಟ್ಟಿಗೆಯನ್ನು ಅವಳ ಕೈಯಿಂದ ಬಿಡಿಸಿಕೊಂಡಳು.

ದೀಕ್ಷಿತಾ ಪುಸ್ತಕದಿಂದ ತಲೆ ಎತ್ತಲಿಲ್ಲ. "ಐ ವಿಲ್ ಮ್ಯಾನೇಜ್, ಪಪ್ಪಾ. ನೀವು ಊರಿಗೆ ಹೋಗಿ ಎಂಥ ಮಾಡ್ತೀರಿ?"

"ಗೊತ್ತಿಲ್ಲ ಮಗಳೇ."

ಅವಳು ಆಗ ತಲೆ ಎತ್ತಿ ಅವನನ್ನು ನೋಡಿದಳು. ಕೆಳಗೆ ಟ್ಯಾಕ್ಸಿಯವನು ಹಾರ್ನ್ ಮಾಡಿದ. ಸಂಕಪ್ಪ ಅವಳ ತಲೆಯ ಮೇಲೆ ಕೈಯಿಟ್ಟು, ತೆಗೆದು, ಮೆಟ್ಟಿಲಿಳಿದ.